ದುಡಿಮೆಯ ಮೈ, ಕೂಲಿಯ ಕಾಳು: ಬಳ್ಳಾರಿ ಸೀಮೆಯಲ್ಲಿ ಶ್ರಮವನ್ನು ಅಳೆದ ಬಗೆ

ಮನುಷ್ಯನ ಮೈ ಒಂದು ದಿನದ ದುಡಿಮೆಗೆ ಎಷ್ಟು ಶಕ್ತಿಯನ್ನು ಸುಡುತ್ತದೆ, ಸುಟ್ಟದ್ದನ್ನು ತುಂಬಿಕೊಳ್ಳಲು ಎಷ್ಟು ಆಹಾರ ಬೇಕು ಎಂಬ ಪ್ರಶ್ನೆಗೆ ಮುಂಗೈಯ ಗಡಿಯಾರ ಇಲ್ಲವೇ ಎದೆಗೆ ಕಟ್ಟಿದ ಪಟ್ಟಿ ಕ್ಷಣಮಾತ್ರದಲ್ಲಿ ಉತ್ತರ ಕೊಡುತ್ತದೆ ಎಂಬ ನಂಬಿಕೆ ಈಗ ವ್ಯಾಯಾಮಶಾಲೆಗಳಲ್ಲಿಯೂ ಬೆಳಗಿನ ನಡಿಗೆಯ ಮೈದಾನಗಳಲ್ಲಿಯೂ ನೆಲೆಯೂರಿದೆ. ಹೃದಯದ ಬಡಿತವನ್ನು ಎಣಿಸಿ, ಅದನ್ನು ಕ್ಯಾಲರಿಯ ಲೆಕ್ಕಕ್ಕೆ ತಿರುಗಿಸಿ ತೋರಿಸುವ ಈ ಸಾಧನಗಳು ಬಳ್ಳಾರಿಗೆ ಬಂದು ಬಹಳ ವರ್ಷಗಳಾಗಿಲ್ಲ. ಆದರೆ ಅವು ಉತ್ತರಿಸಹೊರಟಿರುವ ಪ್ರಶ್ನೆ ಈ ಸೀಮೆಯಲ್ಲಿ ಒಂದೂವರೆ ಶತಮಾನದಷ್ಟು ಹಳೆಯದು. ಅದನ್ನು ಇಲ್ಲಿ ಮೊದಲು ಕೇಳಿದ್ದು ಮೈ ಇಳಿಸಲು ಬಯಸಿದವರಲ್ಲ, ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆಯುತ್ತಿದ್ದವರಿಗೆ ಎಷ್ಟು ಕೂಲಿ ಕೊಟ್ಟರೆ ಜೀವ ಉಳಿದೀತು ಎಂದು ಲೆಕ್ಕ ಹಾಕುತ್ತಿದ್ದ ಸರ್ಕಾರ.

ಹೈದರಾಬಾದಿನ ನಿಜಾಮನಿಂದ 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಬಂದ, ದತ್ತ ಮಂಡಲಗಳೆಂದು ಕರೆಯಲಾದ ಪ್ರದೇಶದ ಭಾಗವಾಗಿ ಬಳ್ಳಾರಿ ಮದರಾಸು ಆಳ್ವಿಕೆಗೆ ಸೇರಿತು. ಥಾಮಸ್ ಮನ್ರೋ 1807ರವರೆಗೆ ಅದರ ಮುಖ್ಯ ಕಲೆಕ್ಟರನಾಗಿದ್ದನು. 1904ರಲ್ಲಿ ಡಬ್ಲ್ಯು. ಫ್ರಾನ್ಸಿಸ್ ಬಳ್ಳಾರಿಯ ಗ್ಯಾಸೆಟಿಯರನ್ನು ಸಿದ್ಧಪಡಿಸಿದಾಗಲೂ ಸಿರುಗುಪ್ಪ ಮತ್ತು ಕುರುಗೋಡು ಸ್ವತಂತ್ರ ತಾಲ್ಲೂಕುಗಳಾಗಿರದೆ ಬಳ್ಳಾರಿ ತಾಲ್ಲೂಕಿನೊಳಗಿನ ಊರುಗಳಾಗಿದ್ದವು. ಒಂದೇ ತಾಲ್ಲೂಕಿನೊಳಗಿದ್ದರೂ ಇವುಗಳ ನೆಲದ ಗುಣ ಬೇರೆ ಬೇರೆ. ತುಂಗಭದ್ರೆಯ ದಂಡೆಯ ಸಿರುಗುಪ್ಪಕ್ಕೆ ವಿಜಯನಗರ ಕಾಲದ ಅಣೆಕಟ್ಟು ಮತ್ತು ಕಾಲುವೆಗಳ ಆಸರೆಯಿದ್ದುದರಿಂದ ಅಲ್ಲಿ ಭತ್ತದ ಗದ್ದೆಗಳಿದ್ದವು. ಸಿಂದ ಅರಸರ ನೆಲೆಯಾಗಿದ್ದ, ದೊಡ್ಡಬಸವೇಶ್ವರನ ಗುಡಿಯಿಂದ ಹೆಸರಾದ ಕುರುಗೋಡಿನ ಸುತ್ತಲಿನ ಎರೆಹೊಲಗಳು ಮಾತ್ರ ಮಳೆಯನ್ನೇ ನಂಬಿದ್ದು, ಜೋಳ ಮತ್ತು ಹತ್ತಿಯನ್ನು ಬೆಳೆಯುತ್ತಿದ್ದವು. ಎರೆ ಎಂದರೆ ತೇವವನ್ನು ಬಹುಕಾಲ ಹಿಡಿದಿಡುವ ಕಪ್ಪು ಮಣ್ಣು. ಆದರೆ ಹಿಡಿದಿಡಲು ಮೊದಲು ಮಳೆ ಬರಬೇಕು.

ಧಾತು ಸಂವತ್ಸರವಾದ 1876ರಲ್ಲಿ ಮುಂಗಾರು ಕೈಕೊಟ್ಟಿತು, ಬಳಿಕ ಹಿಂಗಾರೂ ಬರಲಿಲ್ಲ. ಮುಂದಿನ ಈಶ್ವರ ಸಂವತ್ಸರದವರೆಗೂ ಚಾಚಿದ ಈ ಕ್ಷಾಮದಲ್ಲಿ ಮದರಾಸು ಪ್ರಾಂತದ ಅತ್ಯಂತ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಬಳ್ಳಾರಿ ಪಟ್ಟಣಕ್ಕೆ ಆ ವೇಳೆಗಾಗಲೇ ರೈಲು ಬಂದಿದ್ದು, ಹೊರಗಿನ ಧಾನ್ಯ ನಿಲ್ದಾಣದವರೆಗೆ ಬರುತ್ತಿತ್ತು. ಅದನ್ನು ಕೊಳ್ಳುವ ಹಣ ಮಾತ್ರ ಬೆಳೆ ಕಳೆದುಕೊಂಡವರ ಬಳಿ ಇರಲಿಲ್ಲ. ಸರ್ಕಾರ ಎರಡು ದಾರಿಗಳನ್ನು ತೆರೆಯಿತು: ದುಡಿಯಲಾರದ ಮುದುಕರಿಗೆ, ರೋಗಿಗಳಿಗೆ ಗಂಜಿಯ ಮನೆಗಳು, ದುಡಿಯಬಲ್ಲವರಿಗೆ ಕೆರೆ ಹೂಳು ತೆಗೆಯುವ, ರಸ್ತೆಗೆ ಮಣ್ಣು ಹೊರುವ, ಜಲ್ಲಿ ಒಡೆಯುವ ಪರಿಹಾರ ಕಾಮಗಾರಿಗಳು. ಕೆಲಸ ಮಾಡಲು ಒಪ್ಪಿದವನೇ ನಿಜವಾದ ಹಸಿದವನು ಎಂಬುದು ಈ ಎರಡನೆಯ ದಾರಿಯ ಹಿಂದಿದ್ದ ತರ್ಕ; ಆಡಳಿತದ ಭಾಷೆಯಲ್ಲಿ ಅದಕ್ಕೆ ದುಡಿಮೆಯ ಪರೀಕ್ಷೆ ಎಂಬ ಹೆಸರಿತ್ತು. ಹಸಿವನ್ನು ರುಜುವಾತುಪಡಿಸಲು ಹಸಿದ ಮೈಯಿಂದಲೇ ಶಕ್ತಿ ವ್ಯಯಿಸಬೇಕಾದ ಈ ಏರ್ಪಾಡಿನಲ್ಲಿ, ಕೊಡುವ ಕೂಲಿ ವ್ಯಯವಾದ ಶಕ್ತಿಗಿಂತ ಕಡಿಮೆಯಾದರೆ ಕಾಮಗಾರಿಯೇ ಸಾವಿನ ಕಾರಣವಾಗುವ ಅಪಾಯವಿತ್ತು.

ಅದೇ ಆಯಿತು. ವೈಸರಾಯ್ ಲಿಟ್ಟನ್ 1877ರ ಜನವರಿಯಲ್ಲಿ ಸರ್ ರಿಚರ್ಡ್ ಟೆಂಪಲ್‌ನನ್ನು ಕ್ಷಾಮದ ವಿಶೇಷ ಪ್ರತಿನಿಧಿಯಾಗಿ ಮದರಾಸಿಗೆ ಕಳಿಸಿದನು. 1873–74ರ ಬಿಹಾರ ಬರದಲ್ಲಿ ಧಾರಾಳವಾಗಿ ಖರ್ಚು ಮಾಡಿ ಜೀವಗಳನ್ನು ಉಳಿಸಿದ್ದಕ್ಕಾಗಿ ದುಂದುಗಾರನೆಂಬ ಟೀಕೆಗೆ ಗುರಿಯಾಗಿದ್ದ ಟೆಂಪಲ್, ಈ ಬಾರಿ ಮಿತವ್ಯಯವನ್ನೇ ಗುರಿಯಾಗಿಟ್ಟುಕೊಂಡು ಬಂದಿದ್ದನು. ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ಒಂದು ಪೌಂಡು, ಅಂದರೆ ಸುಮಾರು 450 ಗ್ರಾಂ, ಧಾನ್ಯದ ಬೆಲೆ ಮತ್ತು ಅದರ ಮೇಲೆ ಅರ್ಧ ಆಣೆ ಸಾಕೆಂದೂ ಹೆಂಗಸರಿಗೆ, ಮಕ್ಕಳಿಗೆ ಇನ್ನೂ ಕಡಿಮೆ ಕೊಡಬಹುದೆಂದೂ ಅವನು ನಿಗದಿಮಾಡಿದನು. ಚರಿತ್ರೆಯಲ್ಲಿ ಟೆಂಪಲ್ ಕೂಲಿ ಎಂದೇ ಹೆಸರಾದದ್ದು ಇದು. ಇಷ್ಟು ಸಾಕೇ ಎಂಬುದನ್ನು ಪ್ರಯೋಗದಿಂದ ನೋಡೋಣ ಎಂಬುದು ಅವನ ನಿಲುವಾಗಿತ್ತು. ಆ ಪ್ರಯೋಗ ನಡೆದದ್ದು ಲಕ್ಷಾಂತರ ಜನರ ಮೈಮೇಲೆ.

ಇದನ್ನು ಎದುರಿಸಿ ನಿಂತವನು ಮದರಾಸಿನ ನೈರ್ಮಲ್ಯ ಆಯುಕ್ತನಾಗಿದ್ದ ಡಾ. ಡಬ್ಲ್ಯು. ಆರ್. ಕಾರ್ನಿಶ್. 1871ರ ಮದರಾಸು ಜನಗಣತಿಯ ಹೊಣೆ ಹೊತ್ತಿದ್ದ, ಪ್ರಾಂತದ ಜನರ ಆಹಾರಪದ್ಧತಿಯನ್ನು ಬಹುಕಾಲ ಅಭ್ಯಾಸ ಮಾಡಿದ್ದ ಈ ವೈದ್ಯ, ದುಡಿಯುವವನಿಗೆ ಕನಿಷ್ಠ ಒಂದೂವರೆ ಪೌಂಡು ಧಾನ್ಯ, ಅದರ ಜೊತೆಗೆ ಬೇಳೆ ಮತ್ತು ತರಕಾರಿ ಬೇಕೆಂದು ವಾದಿಸಿದನು. ಅವನ ವಾದದ ಬಲವಾದ ಆಧಾರ ಸರ್ಕಾರದ ಸೆರೆಮನೆಗಳೇ ಆಗಿದ್ದವು: ಕಠಿಣ ಶಿಕ್ಷೆ ಅನುಭವಿಸುವ ಕೈದಿಗೆ ಸರ್ಕಾರವೇ ಕೊಡುತ್ತಿದ್ದ ಊಟ, ತಪ್ಪೇನೂ ಮಾಡದೆ ಜಲ್ಲಿ ಒಡೆಯುತ್ತಿದ್ದ ರೈತನ ಕೂಲಿಗಿಂತ ಹೆಚ್ಚಾಗಿತ್ತು. ಕಾಮಗಾರಿಗಳಲ್ಲಿ ಜನ ಸೊರಗುತ್ತಿದ್ದುದನ್ನು ಅವನ ವರದಿಗಳು ದಾಖಲಿಸಿದ ಮೇಲೆ, 1877ರ ಮೇ ತಿಂಗಳಲ್ಲಿ ಮದರಾಸು ಸರ್ಕಾರ ಕೂಲಿಯನ್ನು ಏರಿಸಿತು. ಅಷ್ಟರಲ್ಲಿ ಬೇಸಿಗೆಯ ಅತಿ ಕಠಿಣ ತಿಂಗಳುಗಳು ಕಳೆದುಹೋಗಿದ್ದವು.

ಇಬ್ಬರ ನಡುವಿನ ವ್ಯತ್ಯಾಸವನ್ನು ಇಂದಿನ ಅಳತೆಯಲ್ಲಿ ನೋಡುವುದು ಸಾಧ್ಯ. ಒಂದು ಕಿಲೊ ನೀರಿನ ತಾಪವನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಬೇಕಾಗುವ ಶಾಖಕ್ಕೆ ಕಿಲೊಕ್ಯಾಲರಿ ಎನ್ನುತ್ತಾರೆ. ರೂಢಿಯಲ್ಲಿ ಕ್ಯಾಲರಿ ಎಂದು ಹೇಳುವುದೂ ಇದನ್ನೇ. ನೂರು ಗ್ರಾಂ ಜೋಳದಲ್ಲಿ ಸುಮಾರು 340 ಕಿಲೊಕ್ಯಾಲರಿ ಇರುವುದರಿಂದ ಟೆಂಪಲ್‌ನ ಒಂದು ಪೌಂಡಿನಲ್ಲಿ ಸಿಗುತ್ತಿದ್ದುದು ಸುಮಾರು 1,550, ಕಾರ್ನಿಶ್ ಕೇಳಿದ ಒಂದೂವರೆ ಪೌಂಡಿನಲ್ಲಿ ಸುಮಾರು 2,300. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2020ರಲ್ಲಿ ಪ್ರಕಟಿಸಿದ ಅಂದಾಜಿನಂತೆ 65 ಕಿಲೊ ತೂಕದ ಗಂಡಸು ಭಾರದ ಕೆಲಸ ಮಾಡಿದರೆ ದಿನಕ್ಕೆ 3,470, ಕುಳಿತೇ ಕಾಲ ಕಳೆದರೂ 2,110 ಕಿಲೊಕ್ಯಾಲರಿ ಬೇಕು. ಬರದಲ್ಲಿ ಬಳಲಿದ ಮೈಯ ತೂಕ ಇದಕ್ಕಿಂತ ಬಹಳ ಕಡಿಮೆಯಿದ್ದೀತೆಂದು ಎಷ್ಟೇ ಕಳೆದುಕೊಂಡರೂ, ಒಂದು ಪೌಂಡಿನ ಕಾಳು ಕಲ್ಲು ಒಡೆಯುವವನಿಗೆ ಸಾಲದಾಗಿತ್ತು.

ಕಾರ್ನಿಶ್ ಈ ಲೆಕ್ಕವನ್ನು ಇದೇ ರೂಪದಲ್ಲಿ ಮಾಡಲಿಲ್ಲವೆಂಬುದನ್ನು ಗಮನಿಸಬೇಕು. ಆ ಕಾಲದ ವೈದ್ಯರ ಮೇಲೆ ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್‌ನ ಪ್ರಭಾವ ದಟ್ಟವಾಗಿತ್ತು. ಸ್ನಾಯುಗಳು ದುಡಿಯುವಾಗ ಕರಗುವುದು ಸಾರಜನಕವುಳ್ಳ ಪದಾರ್ಥ, ಅಂದರೆ ಈಗ ಪ್ರೋಟೀನ್ ಎಂದು ಕರೆಯುವ ಅಂಶ, ಎಂದು ಅವನು ಕಲಿಸಿದ್ದನು. ಅದರಿಂದಲೇ ಕಾರ್ನಿಶ್‌ನ ವಾದ ಬೇಳೆಕಾಳಿನ ಮೇಲೆ, ಸಾರಜನಕದ ಕೊರತೆಯ ಮೇಲೆ ಹೆಚ್ಚು ಊರಿತ್ತು. ಆದರೆ 1865ರಲ್ಲೇ ಅಡಾಲ್ಫ್ ಫಿಕ್ ಮತ್ತು ಯೋಹಾನೆಸ್ ವಿಸ್ಲಿಸೆನಸ್ ಎಂಬಿಬ್ಬರು ಸ್ವಿಟ್ಜರ್ಲೆಂಡಿನ ಫೌಲ್‌ಹಾರ್ನ್ ಬೆಟ್ಟವನ್ನು ಪ್ರೋಟೀನ್ ಇಲ್ಲದ ಆಹಾರ ತಿಂದು ಹತ್ತಿ, ತಮ್ಮ ಮೂತ್ರದಲ್ಲಿನ ಸಾರಜನಕವನ್ನು ಅಳೆದು, ಅಷ್ಟು ಪ್ರೋಟೀನಿನಿಂದ ಬೆಟ್ಟ ಹತ್ತುವಷ್ಟು ಶಕ್ತಿ ಹುಟ್ಟಲಾರದೆಂದು ತೋರಿಸಿದ್ದರು. ಸಿದ್ಧಾಂತ ಹಳೆಯದಾಗುತ್ತಿದ್ದರೂ ಕಾರ್ನಿಶ್ ತಲುಪಿದ ನಿರ್ಣಯ ಸರಿಯಾಗಿಯೇ ಇತ್ತು, ಏಕೆಂದರೆ ಅವನು ಸಿದ್ಧಾಂತವನ್ನಷ್ಟೇ ನಂಬದೆ ಮೈಗಳನ್ನು ನೋಡಿದ್ದನು. ಟೆಂಪಲ್ ನೋಡಿದ್ದು ಖರ್ಚಿನ ಪಟ್ಟಿಯನ್ನು.

1871ರ ಮತ್ತು 1881ರ ಜನಗಣತಿಗಳ ನಡುವೆ ಬಳ್ಳಾರಿ ಜಿಲ್ಲೆ ತನ್ನ ಜನಸಂಖ್ಯೆಯ ಸುಮಾರು ಐದನೆಯ ಒಂದು ಭಾಗವನ್ನು ಕಳೆದುಕೊಂಡಿತು. 1880ರ ಕ್ಷಾಮ ಆಯೋಗ ಸಾಮಾನ್ಯವಾಗಿ ದುಡಿಯುವ ಗಂಡಸಿಗೆ ದಿನಕ್ಕೆ ಒಂದೂವರೆ ಪೌಂಡು ಧಾನ್ಯ ಬೇಕೆಂದು ಒಪ್ಪಿತು, ಅಂದರೆ ವಾದದಲ್ಲಿ ಗೆದ್ದವನು ಕಾರ್ನಿಶ್. ಮುಂದೆ ಬಂದ ಕ್ಷಾಮ ಸಂಹಿತೆಗಳು, ಅಂದರೆ ಬರ ಬಂದಾಗ ಅಧಿಕಾರಿಗಳು ನಡೆದುಕೊಳ್ಳಬೇಕಾದ ನಿಯಮಾವಳಿಗಳು, ನೆಲ ಅಗೆಯುವವರಿಗೂ ಮಣ್ಣು ಹೊರುವವರಿಗೂ ಬೇರೆ ಬೇರೆ ಕೂಲಿಯನ್ನು ಗೊತ್ತುಮಾಡಿದವು. ಎಲ್ಲ ದುಡಿಮೆಯೂ ಒಂದೇ ಅಲ್ಲ, ಗುದ್ದಲಿ ಹಿಡಿದವನು ಬುಟ್ಟಿ ಹೊತ್ತವಳಿಗಿಂತ ಹೆಚ್ಚು ಸುಡುತ್ತಾನೆ ಎಂಬ ಅಂದಾಜು ಇದರ ಹಿಂದಿತ್ತು. ಅದು ಅಂದಾಜೇ ಹೊರತು ಅಳತೆಯಾಗಿರಲಿಲ್ಲ, ಮತ್ತು ತಲೆಯ ಮೇಲೆ ಬುಟ್ಟಿ ಹೊತ್ತು ಕೆರೆಯ ಏರಿ ಹತ್ತುವ ಹೆಂಗಸಿನ ಶ್ರಮ ಹಗುರವೆಂದು ಯಾರೂ ಪರೀಕ್ಷಿಸಿ ನೋಡಿರಲಿಲ್ಲ.

ಅಳೆಯುವ ದಾರಿ ಯುರೋಪಿನಲ್ಲಿ ಅದಕ್ಕೂ ಬಹಳ ಮೊದಲೇ ತೆರೆದಿತ್ತು. ಫ್ರಾನ್ಸಿನ ಲವಾಸಿಯೆ 1790ರ ಸುಮಾರಿಗೆ ತನ್ನ ಸಹಾಯಕ ಸೆಗ್ವಿನ್‌ನಿಂದ ಕಾಲಿನಿಂದ ತುಳಿಹಲಗೆಯನ್ನು ತುಳಿಸಿ, ಅವನು ಉಸಿರಾಡಿದ ಆಮ್ಲಜನಕವನ್ನೂ ಅವನ ನಾಡಿಯನ್ನೂ ಲೆಕ್ಕ ಹಾಕಿ, ದುಡಿಮೆ ಏರಿದಂತೆ ಎರಡೂ ಏರುವುದನ್ನು ಕಂಡಿದ್ದನು. ಬೆಟ್ಟ ಹತ್ತಿದ ಫಿಕ್ 1870ರಲ್ಲಿ ಅದಕ್ಕೆ ಸೂತ್ರವನ್ನೂ ಕೊಟ್ಟನು: ಮೈ ಬಳಸುವ ಆಮ್ಲಜನಕವೆಂದರೆ ಹೃದಯ ನಿಮಿಷಕ್ಕೆ ನೂಕುವ ರಕ್ತದ ಪ್ರಮಾಣ ಮತ್ತು ಆ ರಕ್ತ ಹೋಗುವಾಗ, ಮರಳುವಾಗ ಹೊತ್ತಿರುವ ಆಮ್ಲಜನಕದ ಅಂತರ, ಇವೆರಡರ ಗುಣಲಬ್ಧ. ಒಂದು ಲೀಟರ್ ಆಮ್ಲಜನಕ ಬಳಕೆಯಾದರೆ ಸುಮಾರು ಐದು ಕಿಲೊಕ್ಯಾಲರಿ ವ್ಯಯವಾಗುತ್ತದೆಂಬುದು ಬಳಿಕ ಸ್ಥಿರಪಟ್ಟಿತು. ಆಮ್ಲಜನಕವನ್ನು ಅಳೆಯಲು ಬಾಯಿಗೆ ಕೊಳವೆ, ಬೆನ್ನಿಗೆ ಚೀಲ ಕಟ್ಟಬೇಕು. 1911ರಲ್ಲಿ ಡಗ್ಲಸ್ ರೂಪಿಸಿದ ಆ ಚೀಲವನ್ನು ಹೊತ್ತು ದಿನವಿಡೀ ಹೊಲದಲ್ಲಿ ದುಡಿಯಲು ಯಾರಿಂದಲೂ ಆಗದು. ಹೃದಯದ ಬಡಿತವನ್ನು ಎಣಿಸುವುದು ಸುಲಭವಾದ್ದರಿಂದ, ಬಡಿತದಿಂದ ಆಮ್ಲಜನಕವನ್ನೂ ಆಮ್ಲಜನಕದಿಂದ ಕ್ಯಾಲರಿಯನ್ನೂ ಊಹಿಸುವ ಒಳದಾರಿ ರೂಢಿಗೆ ಬಂತು. ಫಿನ್‌ಲೆಂಡಿನಲ್ಲಿ 1977ರಲ್ಲಿ ಸ್ಥಾಪಿತವಾದ ಪೋಲಾರ್ ಸಂಸ್ಥೆ 1980ರ ದಶಕದ ಆರಂಭದಲ್ಲಿ ತಂತಿಯಿಲ್ಲದ ಎದೆಪಟ್ಟಿಯನ್ನು ಮಾರುಕಟ್ಟೆಗೆ ತಂದಿತು. ಎದೆಪಟ್ಟಿ ಹೃದಯದ ವಿದ್ಯುತ್ ಸಂಕೇತವನ್ನು ಚರ್ಮದ ಮೇಲಿಂದ ಹಿಡಿಯುತ್ತದೆ. ಈಗಿನ ಕೈಗಡಿಯಾರಗಳು ಹಸಿರು ಬೆಳಕನ್ನು ಚರ್ಮದೊಳಗೆ ಬಿಟ್ಟು, ರಕ್ತದ ಏರಿಳಿತಕ್ಕೆ ತಕ್ಕಂತೆ ಮರಳುವ ಬೆಳಕನ್ನು ಓದುತ್ತವೆ.

ಬಡಿತ ಎಣಿಸುವುದರಲ್ಲಿ ಈ ಸಾಧನಗಳು ಬಹುಮಟ್ಟಿಗೆ ನಂಬಿಕೆಗೆ ಅರ್ಹ. ತೊಡಕಿರುವುದು ಬಡಿತವನ್ನು ಕ್ಯಾಲರಿಗೆ ತಿರುಗಿಸುವಲ್ಲಿ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಏಳು ಕೈಪಟ್ಟಿಗಳ ಪೈಕಿ ಆರು ಬಡಿತವನ್ನು ಶೇ 5ರೊಳಗಿನ ತಪ್ಪಿನಲ್ಲಿ ಎಣಿಸಿದವು, ಕ್ಯಾಲರಿಯಲ್ಲಿ ಮಾತ್ರ ಅತಿ ನಿಖರವಾದದ್ದೂ ಸರಾಸರಿ ಶೇ 27ರಷ್ಟು ತಪ್ಪಿತು. ಇದರ ಕಾರಣ ಬಳ್ಳಾರಿ ಸೀಮೆಯ ಓದುಗನಿಗೆ ಒಂದು ಉದಾಹರಣೆಯಿಂದ ಸ್ಪಷ್ಟವಾದೀತು. ಸಿರುಗುಪ್ಪದ ಗದ್ದೆಯಲ್ಲಿ ಭತ್ತದ ಸಸಿ ನಾಟಿ ಮಾಡುತ್ತಿರುವ, 35 ವರ್ಷದ, 50 ಕಿಲೊ ತೂಕದ ಮಹಿಳೆಯೊಬ್ಬಳ ಹೃದಯ ನಿಮಿಷಕ್ಕೆ 120 ಸಲ ಬಡಿಯುತ್ತಿದೆ ಎಂದಿಟ್ಟುಕೊಳ್ಳೋಣ. ದಕ್ಷಿಣ ಆಫ್ರಿಕಾದಲ್ಲಿ ವ್ಯಾಯಾಮದ ರೂಢಿಯಿದ್ದವರನ್ನು ಪರೀಕ್ಷಿಸಿ 2005ರಲ್ಲಿ ಕೈಟೆಲ್ ಮತ್ತು ಸಂಗಡಿಗರು ಕೊಟ್ಟ, ಈಗ ವ್ಯಾಪಕವಾಗಿ ಬಳಕೆಯಲ್ಲಿರುವ ಸೂತ್ರದಂತೆ ಆಕೆ ಗಂಟೆಗೆ ಸುಮಾರು 420 ಕಿಲೊಕ್ಯಾಲರಿ ಸುಡುತ್ತಾಳೆ. ಭಾರತೀಯ ಮಹಿಳೆಯರ ದುಡಿಮೆಯನ್ನು ಅಭ್ಯಾಸ ಮಾಡಿ ವರ್ಗೀಸ್, ಸಹಾ ಮತ್ತು ಆತ್ರೇಯ 1994ರಲ್ಲಿ ಪ್ರಕಟಿಸಿದ ಸೂತ್ರದಲ್ಲಿ ಬಡಿತವನ್ನು 0.159ರಿಂದ ಗುಣಿಸಿ 8.72 ಕಳೆದರೆ ನಿಮಿಷದ ವ್ಯಯ ಕಿಲೊಜೂಲ್‌ಗಳಲ್ಲಿ ಸಿಗುತ್ತದೆ. ಅದರಂತೆ ಆಕೆಯ ವ್ಯಯ ಗಂಟೆಗೆ ಸುಮಾರು 150 ಕಿಲೊಕ್ಯಾಲರಿ. ಅದೇ ಮಹಿಳೆ, ಅದೇ ಬಡಿತ, ಎರಡು ಲೆಕ್ಕಗಳ ನಡುವೆ ಹೆಚ್ಚುಕಡಿಮೆ ಮೂರು ಪಟ್ಟು ಅಂತರ. ಎರಡು ಸೂತ್ರಗಳಲ್ಲಿ ಒಂದು ಸುಳ್ಳು, ಇನ್ನೊಂದು ನಿಜ ಎಂದಲ್ಲ. ವ್ಯಾಯಾಮ ಮಾಡುವವರ ಮೈಯಿಂದ ಪಡೆದ ಸಂಬಂಧ ಬಗ್ಗಿ ನಿಂತು ನಾಟಿ ಮಾಡುವವಳ ಮೈಗೆ ಹೊಂದುವುದಿಲ್ಲ. ಕೈಗಳಿಂದಲೇ ಮಾಡುವ, ಬೆನ್ನು ಬಗ್ಗಿಸಿ ಒಂದೇ ಭಂಗಿಯಲ್ಲಿ ನಿಲ್ಲಬೇಕಾದ ಕೆಲಸದಲ್ಲಿ, ಅಷ್ಟೇ ಆಮ್ಲಜನಕದ ಬಳಕೆಗೆ ಹೃದಯ ಹೆಚ್ಚು ಸಲ ಬಡಿಯುತ್ತದೆ. ಅದಕ್ಕಾಗಿಯೇ ಸಂಶೋಧಕರು ಪ್ರತಿಯೊಬ್ಬರ ಬಡಿತವನ್ನೂ ಆಮ್ಲಜನಕವನ್ನೂ ಮೊದಲು ಒಟ್ಟಿಗೆ ಅಳೆದು, ಆ ವ್ಯಕ್ತಿಗೇ ಸಲ್ಲುವ ರೇಖೆಯನ್ನು ಎಳೆದ ಮೇಲಷ್ಟೇ ದಿನದ ಲೆಕ್ಕಕ್ಕೆ ಇಳಿಯುತ್ತಾರೆ.

ಬಳ್ಳಾರಿಯಲ್ಲಿ ಈ ತೊಡಕನ್ನು ಹೆಚ್ಚಿಸುವ ಇನ್ನೆರಡು ಸಂಗತಿಗಳಿವೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿಯ ಬಿಸಿಲು 40 ಡಿಗ್ರಿಯನ್ನು ದಾಟುವುದು ಸಾಮಾನ್ಯ. ಮೈಯನ್ನು ತಂಪಾಗಿಡಲು ರಕ್ತ ಚರ್ಮದ ಕಡೆಗೆ ಹರಿಯಬೇಕು, ಬೆವರಿನಿಂದ ರಕ್ತದ ದ್ರವಾಂಶವೂ ಕುಗ್ಗುತ್ತದೆ. ಹೀಗೆ ಒಂದೊಂದು ಬಡಿತದಲ್ಲಿ ಹೊರಡುವ ರಕ್ತ ಕಡಿಮೆಯಾದಾಗ, ಕೊಡ ಚಿಕ್ಕದಾದರೆ ಬಾವಿಯಿಂದ ಹೆಚ್ಚು ಸಲ ಸೇದಬೇಕಾಗುವಂತೆ, ಹೃದಯ ಬಡಿತವನ್ನು ಏರಿಸಿಕೊಳ್ಳುತ್ತದೆ. ಎರಡನೆಯದು ರಕ್ತಹೀನತೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಸುಮಾರು ಶೇ 48ರಷ್ಟು ಜನ ರಕ್ತಹೀನರು. ರಕ್ತ ಹೊರುವ ಆಮ್ಲಜನಕವೇ ಕಡಿಮೆಯಿದ್ದರೆ ಫಿಕ್‌ನ ಸೂತ್ರದಂತೆ ಹೃದಯ ಹೆಚ್ಚು ರಕ್ತವನ್ನು ನೂಕಬೇಕು. ಬಿಸಿಲಾಗಲಿ ರಕ್ತಹೀನತೆಯಾಗಲಿ ಏರಿಸಿದ ಬಡಿತವನ್ನು ಗಡಿಯಾರ ಸುಟ್ಟ ಕ್ಯಾಲರಿಯೆಂದೇ ಓದುತ್ತದೆ. ಕುರುಗೋಡಿನ ಎರೆಹೊಲದಲ್ಲಿ ಬಿಸಿಲಿಗೆ ಬೆನ್ನೊಡ್ಡಿ ಹತ್ತಿ ಬಿಡಿಸುವ ರಕ್ತಹೀನ ಮಹಿಳೆಗೆ ಅದು ಹೇಳುವ ಕ್ಯಾಲರಿಯ ಲೆಕ್ಕ ಹುಸಿ.

ಆದರೆ ಕ್ಯಾಲರಿಯ ಲೆಕ್ಕದಲ್ಲಿ ದೋಷವೆನಿಸುವ ಇದೇ ಗುಣ ದುಡಿಮೆಯ ಆಯಾಸವನ್ನು ಅಳೆಯುವಲ್ಲಿ ಈ ಸಾಧನದ ದೊಡ್ಡ ಶಕ್ತಿ. ಬಿಸಿಲು, ಬಗ್ಗಿದ ಬೆನ್ನು, ತೆಳುವಾದ ರಕ್ತ ಎಲ್ಲವೂ ಸೇರಿ ಮೈಯ ಮೇಲೆ ಬೀಳುವ ಒಟ್ಟು ಹೊರೆಯನ್ನು ಹೃದಯದ ಬಡಿತ ಒಂದೇ ಅಂಕಿಯಲ್ಲಿ ಹೇಳುತ್ತದೆ. ಮೇಲಿನ 1994ರ ಅಧ್ಯಯನದ ಪಟ್ಟಿಯಲ್ಲಿ ಮಹಿಳೆಯರಿಗೆ ನಿಮಿಷಕ್ಕೆ 106ರಿಂದ 120ರವರೆಗಿನ ಬಡಿತದ ಕೆಲಸ ಸಾಧಾರಣ ಭಾರದ್ದು, 121ರಿಂದ 135ರವರೆಗಿನದು ಭಾರದ್ದು, ಅದಕ್ಕೂ ಮೇಲಿನದು ಅತಿ ಭಾರದ್ದು. ಎಂಟು ಗಂಟೆ ಸತತವಾಗಿ ದುಡಿಯಬೇಕಾದರೆ ಬಡಿತ ವಿಶ್ರಾಂತಿಯ ಮಟ್ಟಕ್ಕಿಂತ ಸುಮಾರು 30ರಿಂದ 40ಕ್ಕಿಂತ ಹೆಚ್ಚು ಏರಬಾರದೆಂಬುದು ದುಡಿಮೆಯ ವಿಜ್ಞಾನದಲ್ಲಿ ಬಹುಕಾಲದಿಂದ ಒಪ್ಪಿಕೊಂಡ ಮಿತಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಗೃಹವಿಜ್ಞಾನ ವಿಭಾಗ ರೈತ ಮಹಿಳೆಯರ ದುಡಿಮೆಯ ಬವಣೆಯನ್ನು ಕುರಿತು ನಡೆಸಿರುವ ಅಧ್ಯಯನಗಳು ಈ ಬಗೆಯವು. ಕ್ರೀಡಾಪಟುವಿಗೆಂದು ಹುಟ್ಟಿದ ಎದೆಪಟ್ಟಿ ಕಳೆ ತೆಗೆಯುವವಳ ಮೈಗೆ ಬಂದದ್ದು ಇಂಥ ಕೆಲಸದ ಮೂಲಕ. ಬಳ್ಳಾರಿ ಜಿಲ್ಲೆಯೊಳಗೇ ತೋರಣಗಲ್ಲಿನ ಬಳಿ 2018ರಲ್ಲಿ ಆರಂಭವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ಕುಸ್ತಿ, ಬಾಕ್ಸಿಂಗ್, ಜೂಡೊ ಪಟುಗಳ ತರಬೇತಿಗೆ ಕ್ರೀಡಾವಿಜ್ಞಾನದ ಬೆಂಬಲವಿದೆ, ಅದು ಇರಬೇಕಾದದ್ದೇ. ಅಲ್ಲಿಂದ ಕೆಲವು ಹರದಾರಿಗಳಾಚೆ ದಿನಗೂಲಿಗೆ ದುಡಿಯುವ ಮೈಗಳಿಗೆ ಆ ಗಮನ ಇನ್ನೂ ದೊರೆತಿಲ್ಲ ಎಂಬುದು ಈ ಚರಿತ್ರೆಯಲ್ಲಿ ನೋವಿನ ಸಂಗತಿ.

ಟೆಂಪಲ್ ಮತ್ತು ಕಾರ್ನಿಶ್ ವಾದಿಸಿದ ಕಾಮಗಾರಿಗಳ ವಂಶ ಅಲ್ಲಿಗೇ ನಿಲ್ಲಲಿಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಅದೇ ವರ್ಷ ತುಂಗಭದ್ರಾ ಅಣೆಕಟ್ಟಿನ ನೀರು ಕಾಲುವೆಗಿಳಿದು, ಬರದ ಸೀಮೆಯ ಒಂದು ಭಾಗ ಕ್ರಮೇಣ ನೀರಾವರಿಯಾಯಿತು. ಕಾಲುವೆ ತಲುಪದ ಊರುಗಳಲ್ಲಿ ಬೇಸಿಗೆಯ ದುಡಿಮೆಗೆ ಆಸರೆಯಾದದ್ದು 2005ರ ಉದ್ಯೋಗ ಖಾತ್ರಿ ಕಾಯ್ದೆ. ಆ ಖಾತ್ರಿ ಕೆಲಸದಲ್ಲಿಯೂ ಕೆರೆ ಹೂಳು, ಬದು, ಕೃಷಿಹೊಂಡ ಇವೇ ಮುಖ್ಯವಾಗಿದ್ದವು. ದಿನಕ್ಕೆ ಇಷ್ಟು ಘನ ಅಡಿ ಮಣ್ಣು ಅಗೆದರೆ ಪೂರ್ಣ ಕೂಲಿ ಎಂಬ ಲೆಕ್ಕವೂ ಹಳೆಯ ಕಾಮಗಾರಿಗಳನ್ನೇ ನೆನಪಿಸುತ್ತಿತ್ತು. ಆದರೆ ಒಂದು ಹೊಸ ಅಂಶ ಅದರಲ್ಲಿತ್ತು: ಬಳ್ಳಾರಿ ಸೇರಿದಂತೆ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ಅಗೆಯಬೇಕಾದ ಮಣ್ಣಿನ ಪ್ರಮಾಣಕ್ಕೆ ಸರ್ಕಾರ ಶೇಕಡಾವಾರು ರಿಯಾಯಿತಿ ಕೊಡುತ್ತ ಬಂದಿತ್ತು. ಜನವರಿಯ ಗುಂಡಿಯೂ ಮೇ ತಿಂಗಳ ಗುಂಡಿಯೂ ಟೇಪಿನ ಅಳತೆಗೆ ಒಂದೇ ಆದರೂ ಮೈಗೆ ಒಂದೇ ಅಲ್ಲವೆಂದು ಆಡಳಿತ ಒಪ್ಪಿಕೊಂಡದ್ದು ಇಲ್ಲಿ. ಅಂಥ ರಿಯಾಯಿತಿ ಎಷ್ಟಿರಬೇಕು, ಗುದ್ದಲಿ ಹಿಡಿದವನಿಗೂ ಬುಟ್ಟಿ ಹೊತ್ತವಳಿಗೂ ಅದು ಸಮವಾಗಿರಬೇಕೇ ಎಂಬುದನ್ನು ಕಚೇರಿಯ ಅಂದಾಜಿಗೆ ಬಿಡಬೇಕಾಗಿಲ್ಲ. ಒಂದೇ ಕೆರೆಯಂಗಳದಲ್ಲಿ ಅದೇ ಕೆಲಸಗಾರರ ಎದೆಗೆ ಚಳಿಗಾಲದಲ್ಲೊಮ್ಮೆ, ಕಡುಬೇಸಿಗೆಯಲ್ಲೊಮ್ಮೆ ಪಟ್ಟಿ ಕಟ್ಟಿ ಎರಡು ಬಡಿತಗಳ ಅಂತರವನ್ನು ತೆಗೆದರೆ, ಆ ಅಂಕಿ ಕೆಲಸಗಾರರ ಮೈಯಿಂದಲೇ ಬರುತ್ತದೆ.